ಹೆಂಚಿನ ಮನೆಯ ಮೆಕ್ಸಿಕನ್ ಕೆಫೆ: ಜೋಳದ ರೊಟ್ಟಿಗಾಗಿ ಹೋಗಿ, ನಾಚೋಸ್ ಬಿಟ್ಟುಬಿಡಿ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಹಳೇ ಹೆಂಚಿನ ಮನೆಯಲ್ಲಿ ಹೊಸದಾಗಿ ಒಂದು ಮೆಕ್ಸಿಕನ್ ಕೆಫೆ ಶುರುವಾಗಿದೆ. ಬೋರ್ಡು ಇನ್ನೂ ಹಾಕಿಸಿಲ್ಲ. ಗೇಟಿನ ಪಕ್ಕ ಕರಿ ಹಲಗೆ ಮೇಲೆ ಆ ದಿನ ಏನೇನಿದೆ ಅಂತ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಅದೇ ಗುರುತು. ಒಳಗೆ ಆರು ಟೇಬಲ್. ಒಳ್ಳೆಯ ಟೋರ್ಟಿಯಾ, ಅಂದರೆ ಮೆಕ್ಸಿಕೊದ ಮುಸುಕಿನ ಜೋಳದ ರೊಟ್ಟಿ, ತಿನ್ನುವ ಆಸೆ ಇರುವವರು ಮುಂದೆ ಓದದೆ ನೇರ ಅಲ್ಲಿಗೆ ಹೋಗಬಹುದು. ಉಳಿದವರಿಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಊಟದ ಬಗ್ಗೆ ನಾನು ಯಾಕೆ ಇಷ್ಟು ಮಾತಾಡುತ್ತೇನೆ ಅಂತ ಹೇಳಬೇಕು, ಅಲ್ವಾ? ನಾನು ಹಾಸನ ಜಿಲ್ಲೆಯ ಹುಡುಗಿ. ನಮ್ಮ ತಾಯಿಯ ಕಡೆಯವರು ಶೆಟ್ಟಿಹಳ್ಳಿ ಸೀಮೆಯವರು, ಹೇಮಾವತಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ಬೇರೆ ಕಡೆ ನೆಲೆಸಿದವರು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಚರ್ಚು ಈಗ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿರುತ್ತೆ, ಫೋಟೋ ತೆಗೆಯಲು ಜನ ಬರುತ್ತಾರೆ. ನಮ್ಮ ಅಜ್ಜಿಗೆ ಅದು ಫೋಟೋ ಅಲ್ಲ, ಅವರ ಮದುವೆ ಆದ ಜಾಗ. ನಾನು ಸಿಸ್ಟರ್ ಆದೆ, ಅಂದರೆ ಕ್ರೈಸ್ತ ಸನ್ಯಾಸಿನಿ. ಹಲವು ವರ್ಷಗಳಿಂದ ಮೆಕ್ಸಿಕೊದ ತಿಹುವಾನಾದಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡ ಊರಿನಲ್ಲಿ, ವಲಸೆ ಬಂದವರಿಗೆ ಅಡುಗೆ ಮಾಡಿ ಬಡಿಸುವ ಮನೆಯೊಂದರಲ್ಲಿ ಇದ್ದೇನೆ. ಈಗ ರಜೆಗೆ ಅಕ್ಕನ ಮನೆಗೆ ಬಂದಿದ್ದೇನೆ. ಅಕ್ಕನ ಮಗ "ಚಿಕ್ಕಮ್ಮ, ನಿಮ್ಮೂರ ಊಟ ಇಲ್ಲೇ ಸಿಗುತ್ತೆ ಬನ್ನಿ" ಅಂತ ಕರೆದುಕೊಂಡು ಹೋದ. ಆಮೇಲೆ ನಾನೇ ಮತ್ತೆ ಮತ್ತೆ ಹೋದೆ.

ಕೆಫೆ ನಡೆಸುವ ಹುಡುಗ ಚಿಕ್ಕಮಗಳೂರಿನವನೇ. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಆ ಹಡಗು ತಿಹುವಾನಾದಿಂದ ಕೆಳಗಿರುವ ಎನ್ಸೆನಾಡಾ ಬಂದರಿಗೆ ಹೋಗುತ್ತಿತ್ತಂತೆ. ಜೊತೆಯಲ್ಲಿದ್ದ ಮೆಕ್ಸಿಕೊದ ಅಡುಗೆಯವರ ಪಕ್ಕ ನಿಂತು ಕಲಿತದ್ದು. ಕಲಿತದ್ದನ್ನು ಅವಸರದಲ್ಲಿ ಕಲಿತಿಲ್ಲ ಅನ್ನುವುದು ಮೊದಲ ತುತ್ತಿನಲ್ಲೇ ಗೊತ್ತಾಗುತ್ತೆ.

ಟೋರ್ಟಿಯಾ ವಿಷಯಕ್ಕೆ ಬರುತ್ತೇನೆ. ಮುಸುಕಿನ ಜೋಳವನ್ನು ಹಾಗೇ ಹಿಟ್ಟು ಮಾಡಿಸಿ ಕಲಸಿದರೆ ಅದು ಕೂಡಿಕೊಳ್ಳುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತೆ. ಮೆಕ್ಸಿಕೊದ ಜನ ಸಾವಿರಾರು ವರ್ಷಗಳ ಹಿಂದೆಯೇ ಇದಕ್ಕೆ ದಾರಿ ಕಂಡುಕೊಂಡರು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ಸುಣ್ಣಕ್ಕೆ ಕಾಳಿನ ಸಿಪ್ಪೆ ಬಿಡುತ್ತೆ, ಹಿಟ್ಟಿಗೆ ಅಂಟು ಬರುತ್ತೆ, ರೊಟ್ಟಿಗೆ ಒಂದು ವಾಸನೆ ಬರುತ್ತೆ. ಆರೋಗ್ಯದ ವಿಷಯವೂ ಇದೆ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣ ಹಾಕಿ ಬೇಯಿಸಿದರೆ ಮಾತ್ರ ಮೈಗೆ ಸರಿಯಾಗಿ ಹತ್ತುತ್ತೆ. ಜೋಳದ ಬೀಜ ಹಡಗು ಹತ್ತಿ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಜೊತೆಗೆ ಹೋಗಲಿಲ್ಲ. ಇಟಲಿಯ ಬಡ ರೈತರು, ಆಮೇಲೆ ಅಮೆರಿಕದ ದಕ್ಷಿಣದ ಬಡವರು ಬರೀ ಜೋಳ ತಿಂದು ಪೆಲಾಗ್ರಾ ಎಂಬ ಕಾಯಿಲೆಯಿಂದ ನರಳಿದರು. ಅಷ್ಟು ದೊಡ್ಡ ವಿಷಯ ಇದು.

ಈ ಕೆಫೆಯಲ್ಲಿ ಪ್ಯಾಕೆಟ್ ಟೋರ್ಟಿಯಾ ಇಲ್ಲ. ಹಿಂದಿನ ಸಂಜೆಯೇ ಜೋಳ ಬೇಯಿಸಿ ಇಡುತ್ತಾರೆ. ಎಲೆ ಅಡಿಕೆಗೆ ಹಾಕುವ ತಿನ್ನುವ ಸುಣ್ಣವನ್ನೇ ಬಳಸುತ್ತಾರೆ. ಬೆಳಿಗ್ಗೆ ಅದನ್ನು ಗ್ರೈಂಡರಿಗೆ ಹಾಕುವವರು ಮೂಡಿಗೆರೆ ಕಡೆಯ ಒಬ್ಬ ಅಕ್ಕ. ಮೊದಲು ಎಸ್ಟೇಟ್ ಒಂದರ ಮನೆಯಲ್ಲಿ ಅಡುಗೆಗೆ ಇದ್ದರಂತೆ. ಅವರ ಕೈ ನೋಡುವುದಕ್ಕೇ ಅಡುಗೆಮನೆ ಬಾಗಿಲಲ್ಲಿ ನಿಂತೆ. ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದು ಅಂಗೈಯಲ್ಲಿ ಒಂದು ಸುತ್ತು ಉರುಳಿಸಿದರು. ಒತ್ತುವ ಮಣೆಯ ಎರಡು ಹಲಗೆ ನಡುವೆ ಕತ್ತರಿಸಿದ ಹಾಲಿನ ಕವರು. ಒಂದು ಸಲ ಒತ್ತಿ, ಕಾಲು ಸುತ್ತು ತಿರುಗಿಸಿ ಇನ್ನೊಂದು ಸಲ ಮೆತ್ತಗೆ ಒತ್ತಿದರು. ಕವರಿನಿಂದ ಬಿಡಿಸಿ ಕಾವಲಿ ಮೇಲೆ ಮಡಿಕೆ ಬೀಳದ ಹಾಗೆ ಹಾಸಿದರು. ಅಂಚು ಸ್ವಲ್ಪ ಬಣ್ಣ ಬದಲಿಸಿ ಮೇಲೆದ್ದ ತಕ್ಷಣ ಮಗುಚಿದರು. ಎರಡನೇ ಕಡೆ ಇನ್ನೂ ಜಾಸ್ತಿ ಹೊತ್ತು ಬಿಟ್ಟು, ಕಂದು ಚುಕ್ಕೆ ಬಿದ್ದ ಮೇಲೆ ಮತ್ತೆ ಮೊದಲ ಕಡೆಗೆ ತಿರುಗಿಸಿ ಬೆರಳ ತುದಿಯಲ್ಲಿ ನಡುವೆ ಒಂದು ಸಲ ಒತ್ತಿದರು. ಅದು ಉಬ್ಬಿತು.

"ಅಕ್ಕಿ ರೊಟ್ಟಿಗಿಂತ ಇದು ಸಲೀಸು ಸಿಸ್ಟರ್. ಕಾವು ಹಿಡಿಯೋದು ಗೊತ್ತಿದ್ದರೆ ಆಯ್ತು" ಅಂದರು.

ನಿಜ, ಕಾವೇ ಮುಖ್ಯ. ತಿಹುವಾನಾದಲ್ಲಿ ನನಗೆ ಇದನ್ನು ಕಲಿಸಿದ್ದು ಮಿಚೋಕಾನ್ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದಿದ್ದ ಒಬ್ಬ ತಾಯಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಬಿಳಿ ಬಣ್ಣದ ಮುಸುಕಿನ ಜೋಳದ ಟೋರ್ಟಿಯಾ, ಇಲ್ಲಿಯದು ಹಳದಿ, ಯಾಕೆಂದರೆ ನಮ್ಮ ಕಡೆ ಬೆಳೆಯುವ ಜೋಳವೇ ಹಳದಿ. ಸಿಹಿ ಒಂದು ಚೂರು ಜಾಸ್ತಿ ಅನಿಸಿತು. ಅದು ಬಿಟ್ಟರೆ ಕಣ್ಣು ಮುಚ್ಚಿ ತಿಂದರೆ ವ್ಯತ್ಯಾಸ ಹೇಳುವುದು ಕಷ್ಟ.

ಟಾಕೊ ಅಂದರೆ ಟೋರ್ಟಿಯಾ ಮೇಲೆ ಪಲ್ಯ ಅಥವಾ ಮಾಂಸ ಇಟ್ಟು ಮಡಚಿ ತಿನ್ನುವುದು. ಇಲ್ಲಿ ಮೂರು ಬಗೆ ಇದೆ: ಕೋಳಿ, ಅಣಬೆ, ಶನಿವಾರ ಭಾನುವಾರ ಮಾತ್ರ ಹಂದಿ. ಹಲಸಿನ ಕಾಲದಲ್ಲಿ ಎಳೆ ಹಲಸಿನಕಾಯಿಯದ್ದೂ ಮಾಡುತ್ತಾರಂತೆ, ನನಗೆ ಸಿಗಲಿಲ್ಲ. ಹಂದಿಯದ್ದು ತುಂಬಾ ಚೆನ್ನಾಗಿದೆ. ತಿಹುವಾನಾದ ಬೀದಿಯಲ್ಲಿ ಕೆಂಪು ಮೆಣಸಿನಕಾಯಿ ಅರೆದು ಸವರಿದ ಹಂದಿ ಮಾಂಸವನ್ನು ಕಂಬಿಗೆ ಪೋಣಿಸಿ ಸುಡುತ್ತಾರೆ. ಅದಕ್ಕೆ ಅಲ್ಲಿ ಅಡೊಬಾಡಾ ಅನ್ನುತ್ತಾರೆ. ಈ ಹುಡುಗ ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಬೆಳ್ಳುಳ್ಳಿ, ಜೀರಿಗೆ, ವಿನೆಗರ್ ಹಾಕಿ ರುಬ್ಬಿ ಅದೇ ಬಣ್ಣ ತಂದಿದ್ದಾನೆ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಮೆಣಸಿನಕಾಯಿಯೇ ಇದಕ್ಕೆ ಬೇಕು, ಗುಂಟೂರಿನದು ಹಾಕಿದ್ದರೆ ಕೆಡುತ್ತಿತ್ತು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಟೊಮೆಟೊ, ಸೀಬೆ, ಪರಂಗಿ, ಸಪೋಟ, ಈ ಮುಸುಕಿನ ಜೋಳ ಎಲ್ಲವೂ ಆ ಕಡೆಯವೇ. ನಮ್ಮಿಂದ ಮಾವು ಫಿಲಿಪೈನ್ಸ್ ಮೇಲಾಗಿ ಮೆಕ್ಸಿಕೊ ಸೇರಿತು.

ಟಾಕೊ ಜೊತೆ ಕೊಡುವ ಸಾಲ್ಸಾ ಬಗ್ಗೆ ಒಂದು ಮಾತು. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ನಾಲ್ಕನ್ನೂ ಕಾವಲಿ ಮೇಲೆ ಕಪ್ಪಗೆ ಸುಟ್ಟು, ಒರಳಿನಲ್ಲಿ ತರಿತರಿಯಾಗಿ ಅರೆಯುತ್ತಾರೆ. ಮೆಕ್ಸಿಕೊದವರೂ ಕಪ್ಪು ಕಲ್ಲಿನ ಸಣ್ಣ ಒರಳಿನಲ್ಲೇ ಅರೆಯುವುದು. ಮಿಕ್ಸಿಗೆ ಹಾಕಿದರೆ ನೀರಾಗಿ ಬಣ್ಣ ಕೆಡುತ್ತೆ. ಜನ ಜಾಸ್ತಿ ಇದ್ದ ಒಂದು ಭಾನುವಾರ ಮಿಕ್ಸಿಯದ್ದೇ ಬಂತು, ಕೇಳಿದ್ದಕ್ಕೆ ಒಪ್ಪಿಕೊಂಡರು. ವಾರದ ದಿನ ಹೋದರೆ ಒರಳಿನದು ಸಿಗುತ್ತೆ.

ಇನ್ನು ಬೀನ್ಸ್ ಕಾಳಿನ ವಿಷಯ. ಈ ಕೆಫೆಯ ಮೆನುವಿನಲ್ಲಿ ಅದಕ್ಕೆ ಕೊನೆಯ ಸಾಲು ಕೊಟ್ಟಿದ್ದಾರೆ, ನನ್ನ ಲೆಕ್ಕದಲ್ಲಿ ಅದು ಮೊದಲನೇ ಸಾಲಿನಲ್ಲಿ ಇರಬೇಕು. ಯಾಕೆ ಅಂತ ಹೇಳಲು ತಿಹುವಾನಾದ ನಮ್ಮ ಅಡುಗೆಮನೆಯ ಬೆಳಗು ಹೇಳಬೇಕಾಗುತ್ತೆ.

ನಾವು ಏಳುವುದು ಇನ್ನೂ ಕತ್ತಲಿರುವಾಗ. ಪ್ರಾರ್ಥನೆ ಮುಗಿಸಿ ಒಲೆ ಹಚ್ಚುತ್ತೇವೆ. ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಕಾಳು ಹರಡಿ, ಅಲ್ಲಿ ತಂಗಿರುವ ಹೆಂಗಸರು, ಮಕ್ಕಳು ಎಲ್ಲ ಕೂತು ಕಲ್ಲು ಆರಿಸಿರುತ್ತೇವೆ. ಆ ಹೊತ್ತಿನಲ್ಲಿ ಬರುವ ಮಾತುಕತೆ ಬೇರೆ ಯಾವಾಗಲೂ ಬರುವುದಿಲ್ಲ. ಕೈ ಕೆಲಸದಲ್ಲಿರುವಾಗ ಬಾಯಿ ಬಿಡುತ್ತೆ. ಮೆಕ್ಸಿಕೊದ ಗೆರೆರೊದಿಂದ ಬಂದವರು, ಹೊಂಡುರಾಸ್, ವೆನೆಜುವೆಲಾ, ಹೈಟಿಯಿಂದ ಬಂದವರು. 2016ರಲ್ಲಿ ಸಾವಿರಾರು ಹೈಟಿ ಜನ ತಿಹುವಾನಾಕ್ಕೆ ಬಂದರು, ಗಡಿ ದಾಟಲಾಗದೆ ಎಷ್ಟೋ ಮಂದಿ ಅಲ್ಲೇ ನೆಲೆ ನಿಂತರು. ನೀರು ಅಲ್ಲಿ ದುಬಾರಿ. ಊರಿಗೆ ಬರುವ ನೀರೆಲ್ಲ ಬಹುಪಾಲು ಕೊಲರಾಡೊ ನದಿಯಿಂದ ಬೆಟ್ಟ ಹತ್ತಿಸಿ ತಂದದ್ದು, ಆಗಾಗ ನಿಂತುಹೋಗುತ್ತೆ. ಕುಡಿಯಲು 20 ಲೀಟರಿನ ಕ್ಯಾನು, ಪಾತ್ರೆಗೆ ಟ್ಯಾಂಕರು. ಕಾಳು ತೊಳೆದ ನೀರನ್ನೂ ನಾವು ಗಿಡಕ್ಕೆ ಹಾಕುತ್ತೇವೆ. ಹೇಮಾವತಿ ನೀರು ಕಂಡು ಬೆಳೆದವಳಿಗೆ ಇದನ್ನು ಕಲಿಯಲು ಸ್ವಲ್ಪ ಕಾಲ ಬೇಕಾಯಿತು.

ಬಾಗಿಲು ತೆರೆಯುವ ಮೊದಲೇ ಸಾಲು ಇರುತ್ತೆ. ಅಮೆರಿಕದಿಂದ ಹೊರಹಾಕಿದವರನ್ನು ದೂರದಿಂದಲೇ ಗುರುತಿಸಬಹುದು: ಅವರ ಬೂಟಿಗೆ ಲೇಸು ಇರುವುದಿಲ್ಲ. ಹಿಡಿದಿಟ್ಟಾಗ ಲೇಸು, ಬೆಲ್ಟು ಕಿತ್ತುಕೊಳ್ಳುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಅವರ ಆಸ್ತಿಯೆಲ್ಲ. ಇಪ್ಪತ್ತು ವರ್ಷ ಅಲ್ಲಿ ಮನೆ ಕಟ್ಟುವ ಕೆಲಸ ಮಾಡಿ, ಮಕ್ಕಳನ್ನು ಅಲ್ಲೇ ಬಿಟ್ಟು ಬಂದವನು ಲೇಸಿಲ್ಲದ ಬೂಟು ಎಳೆದುಕೊಂಡು ಸಾಲಿನಲ್ಲಿ ನಿಲ್ಲುತ್ತಾನೆ. ನಮ್ಮ ಬಾಗಿಲ ಪಕ್ಕ ಲೇಸಿನ ಒಂದು ಡಬ್ಬ ಇದೆ. ಮೊದಲು ಲೇಸು, ಆಮೇಲೆ ಕಾಫಿ, ಆಮೇಲೆ ತಟ್ಟೆ. ತಟ್ಟೆಯಲ್ಲಿ ದಿನವೂ ತಪ್ಪದೆ ಇರುವುದು ಎರಡೇ: ಬೆಂದ ಕಾಳು, ಬಟ್ಟೆಯಲ್ಲಿ ಸುತ್ತಿಟ್ಟ ಟೋರ್ಟಿಯಾ. ಮೊಟ್ಟೆ, ಮಾಂಸ ಯಾರಾದರೂ ದಾನ ಕೊಟ್ಟಾಗ.

2023ರ ಜನವರಿಯಿಂದ ಎರಡು ವರ್ಷ ಬೆಳಗಿನ ತಿಂಡಿ ಹೊತ್ತಿನಲ್ಲಿ ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಅಮೆರಿಕ ಸರ್ಕಾರದ ಸಿಬಿಪಿ ಒನ್ ಎಂಬ ಆ್ಯಪ್‌ನಲ್ಲಿ ಗಡಿ ದಾಟಲು ಮುಂಚಿತವಾಗಿ ಸಮಯ ಪಡೆಯಬೇಕಿತ್ತು. ತಿಂಗಳುಗಟ್ಟಲೆ ಕಾದು ಒಂದು ದಿನ ಸಿಕ್ಕಿದಾಗ ಇಡೀ ಊಟದ ಮನೆ ಚಪ್ಪಾಳೆ ತಟ್ಟುತ್ತಿತ್ತು. 2025ರ ಜನವರಿ 20ರಂದು ಅದನ್ನು ನಿಲ್ಲಿಸಿದರು, ಕೊಟ್ಟಿದ್ದ ಸಮಯಗಳೂ ರದ್ದಾದವು. ಆ ದಿನ ಮಧ್ಯಾಹ್ನ ಯಾರೂ ತಟ್ಟೆ ಮುಟ್ಟಲಿಲ್ಲ. ಸಂಜೆ ಒಬ್ಬ ಅಜ್ಜಿ ಎದ್ದು ಬಂದು ಕಾಳು ಆರಿಸಲು ಕೂತರು, ಆಮೇಲೆ ಒಬ್ಬೊಬ್ಬರಾಗಿ ಬಂದರು.

ನಮ್ಮ ದೇಶದ ಹುಡುಗರೂ ಆ ದಾರಿಯಲ್ಲಿ ಬರುತ್ತಾರೆ. 2019ರ ಅಕ್ಟೋಬರಿನಲ್ಲಿ ಮೆಕ್ಸಿಕೊ ಸರ್ಕಾರ ಒಂದೇ ವಿಮಾನದಲ್ಲಿ 311 ಭಾರತೀಯರನ್ನು ದೆಹಲಿಗೆ ವಾಪಸು ಕಳಿಸಿತ್ತು. ನಮ್ಮಲ್ಲಿಗೆ ಬಂದ ಪಂಜಾಬಿನ ಇಬ್ಬರು ಹುಡುಗರಿಗೆ ಗೋಧಿ ಟೋರ್ಟಿಯಾ, ಕಾಳು ಬಡಿಸಿದಾಗ ಅವರು ತಟ್ಟೆ ನೋಡಿ, ನನ್ನ ಮುಖ ನೋಡಿ, ಮಾತಿಲ್ಲದೆ ತಿನ್ನತೊಡಗಿದರು. ರಾಜ್ಮಾ ರೊಟ್ಟಿ ಅಲ್ವಾ ಅದು? ಮೂರು ಸಲ ಹಾಕಿಸಿಕೊಂಡರು.

ಹಾಗಾಗಿ ಈ ಕೆಫೆಗೆ ಹೋದಾಗ ನಾನು ಕೇಳಿದ್ದು ಮೊದಲು ಕಾಳನ್ನೇ. ಸಣ್ಣ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ರಾಜ್ಮಾ ಬಳಸುತ್ತಾರೆ, ಅದು ತಪ್ಪಲ್ಲ, ಅದೂ ಮೆಕ್ಸಿಕೊದ ಬೀನ್ಸೂ ಒಂದೇ ಜಾತಿಯ ಕಾಳು. ಬೆಂದಿದ್ದು ಚೆನ್ನಾಗಿತ್ತು, ಸಿಪ್ಪೆ ಒಡೆದು ಒಳಗೆ ಬೆಣ್ಣೆಯಾಗಿತ್ತು. ಆದರೆ ಒಗ್ಗರಣೆಗೆ ಗರಂ ಮಸಾಲೆ ಹಾಕಿದ್ದರು. ಅದು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಕೊಬ್ಬು ಸಾಕು. ಹೇಳಿದೆ. "ಇಲ್ಲಿನವರು ಸಪ್ಪೆ ಅಂತಾರೆ ಸಿಸ್ಟರ್" ಅಂದ ಕೆಫೆಯ ಹುಡುಗ. "ಸಾಲ್ಸಾ ಪಕ್ಕದಲ್ಲೇ ಇದೆಯಲ್ಲ, ಸಪ್ಪೆ ಅನಿಸಿದವರು ಹಾಕಿಕೊಳ್ಳಲಿ ಬಿಡಿ" ಅಂದೆ. ಮುಂದಿನ ಸಲ ಹೋದಾಗ ಮಸಾಲೆ ಇಲ್ಲದ್ದನ್ನು ನನಗೆ ಬೇರೆ ಮಾಡಿ ಇಟ್ಟಿದ್ದ. ಅದನ್ನೇ ಎಲ್ಲರಿಗೂ ಕೊಡಿ ಅಂತ ಇಲ್ಲೂ ಬರೆಯುತ್ತಿದ್ದೇನೆ.

ಬುರಿಟೊ ಬಗ್ಗೆ ನನಗೆ ಅರ್ಧ ಸಂತೋಷ. ಗೋಧಿಯ ಟೋರ್ಟಿಯಾ ಮನೆಯಲ್ಲೇ ಲಟ್ಟಿಸಿದ್ದು, ತೆಳ್ಳಗೆ, ಮೆತ್ತಗೆ ಇದೆ. ಗಡಿ ಭಾಗದಲ್ಲಿ ಹಂದಿ ಕೊಬ್ಬು ಹಾಕಿ ಕಲಸುತ್ತಾರೆ, ಇಲ್ಲಿ ಬೆಣ್ಣೆ. ಎಲ್ಲರೂ ತಿನ್ನಬೇಕಲ್ಲ, ಸರಿ. ಆದರೆ ಒಳಗೆ ಅನ್ನ, ಮಯೋನೀಸ್, ಸಿಹಿ ಸಾಸ್, ಚೀಸ್ ಎಲ್ಲ ತುಂಬಿ ದಿಂಬಿನಷ್ಟು ದಪ್ಪ ಮಾಡಿದ್ದಾರೆ. ಗಡಿಯ ಬುರಿಟೊ ಸಣಕಲು. ಒಂದು ಪಲ್ಯ ಅಥವಾ ಕಾಳು, ಸುತ್ತಿ ಕೈಗೆ ಕೊಟ್ಟರೆ ಆಯ್ತು, ಬಸ್ಸಿನಲ್ಲಿ ನಿಂತು ತಿನ್ನಬಹುದು. ಕಾರ್ಖಾನೆಯ ಪಾಳಿಗೆ ಹೋಗುವವರ ಬುತ್ತಿ ಅದು.

ಆ ಗೋಧಿ ಅಲ್ಲಿಗೆ ಬಂದದ್ದರಲ್ಲಿ ಪಾದ್ರಿಗಳ ಕೈ ಇದೆ. 1687ರಲ್ಲಿ ಯೂಸೆಬಿಯೊ ಕಿನೊ ಎಂಬ ಯೇಸುಸಭೆಯ ಪಾದ್ರಿ ಈಗಿನ ಮೆಕ್ಸಿಕೊದ ಸೊನೋರಾ, ಅಮೆರಿಕದ ಅರಿಜೋನಾ ಸೇರಿರುವ ಸೀಮೆಗೆ ಬಂದರು. 1711ರಲ್ಲಿ ತೀರಿಹೋಗುವವರೆಗೆ ಕುದುರೆ ಮೇಲೆ ಆ ಬಿಸಿಲು ನಾಡನ್ನು ಸುತ್ತಿದರು. ತಿಹುವಾನಾ ಇರುವ ಬಾಹಾ ಕ್ಯಾಲಿಫೋರ್ನಿಯಾ ದ್ವೀಪ ಅಂತ ಆಗ ಜನ ನಂಬಿದ್ದರು, ನೆಲಕ್ಕೆ ಸೇರಿಕೊಂಡಿದೆ ಅಂತ ತಿರುಗಾಡಿ ತೋರಿಸಿದವರು ಅವರು. ಗೋಧಿ ಬೀಜ, ದನಗಳನ್ನು ತಂದು ಹಂಚಿದರು. ಜೋಳ ಮಳೆಗಾಲದ ಬೆಳೆ, ಗೋಧಿ ಚಳಿಗಾಲದ್ದು. ಕಣಜ ಖಾಲಿಯಾಗುವ ತಿಂಗಳುಗಳಿಗೆ ಹೊಸ ಬೆಳೆ ಸಿಕ್ಕಿತು. ಆ ಕಾಲದ ಮಿಷನ್‌ಗಳ ಹಿಂದೆ ಸ್ಪೇನಿನ ಸೈನ್ಯವೂ ಇತ್ತು, ಹೊಸ ರೋಗಗಳೂ ಬಂದವು, ಅಲ್ಲಿನ ಮೂಲ ಜನ ಅನುಭವಿಸಿದ್ದು ಕಡಿಮೆ ಅಲ್ಲ. ಅದನ್ನು ಬಿಟ್ಟು ಬರೀ ಗೋಧಿಯ ಕತೆ ಹೇಳಲು ನನಗೆ ಮನಸ್ಸಿಲ್ಲ. ಆದರೂ ಕಿನೊ ಅವರ ಬಗ್ಗೆ ಓದುವಾಗ ನನಗೆ ನಮ್ಮ ದುಬೋಯಿ ಪಾದ್ರಿ ನೆನಪಾಗುತ್ತಾರೆ. ಟಿಪ್ಪು ಕಾಲದ ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅವರು. ದಿಕ್ಕಿಲ್ಲದವರನ್ನು ಸೇರಿಸಿ ಹಾಸನದ ಕಡೆ ಬೇಸಾಯದ ಊರು ಮಾಡಿಸಿದರು, ಸಿಡುಬಿನ ಲಸಿಕೆ ಹಾಕಿಸಿದರು. ದೊಡ್ಡಸ್ವಾಮಿ ಅಂತ ನಮ್ಮ ಹಿರಿಯರು ಅವರನ್ನು ಕರೆಯುತ್ತಿದ್ದರು. ಹೊಲ, ಲಸಿಕೆ, ಊಟ. ನನಗೆ ಸಭೆ ಸೇರುವ ಆಸೆ ಹುಟ್ಟಿದ್ದು ಇಂಥ ಕತೆಗಳಿಂದಲೇ.

ನಾಚೋಸ್ ಬೇಡ. ಇದನ್ನು ಬರೆಯಲು ಬೇಜಾರಾಗುತ್ತೆ, ಯಾಕೆಂದರೆ ಟೋರ್ಟಿಯಾ ಇಷ್ಟು ಚೆನ್ನಾಗಿ ಮಾಡುವವರು ನಾಚೋಸ್‌ಗೆ ಮಾತ್ರ ಪ್ಯಾಕೆಟ್ ಚಿಪ್ಸ್ ಸುರಿಯುತ್ತಾರೆ, ಮೇಲೆ ಡಬ್ಬದ ಚೀಸ್ ಸಾಸ್. ಕೇಳಿದರೆ ಮಕ್ಕಳು, ಪ್ರವಾಸಿಗಳು ಅದೇ ಬೇಕು ಅನ್ನುತ್ತಾರಂತೆ. ನಾಚೋಸ್ ಹುಟ್ಟಿದ್ದೂ ಗಡಿಯ ಊರಿನಲ್ಲೇ. 1940ರ ದಶಕದ ಮೊದಲಲ್ಲಿ, ಪಿಯೆದ್ರಾಸ್ ನೆಗ್ರಾಸ್ ಊರಿನ ಹೋಟೆಲಿಗೆ ಆಚೆ ಕಡೆಯ ಈಗಲ್ ಪಾಸ್‌ನಿಂದ ಸೈನಿಕರ ಹೆಂಡತಿಯರು ಬಂದರು. ಅಡುಗೆಯವರು ಇರಲಿಲ್ಲ. ಇಗ್ನಾಸಿಯೊ ಅನಾಯಾ ಎಂಬಾತ ಇದ್ದ ಟೋರ್ಟಿಯಾ ಕತ್ತರಿಸಿ ಕರಿದು, ಮೇಲೆ ಚೀಸ್, ಹಲಪೆನ್ಯೊ ಮೆಣಸಿನಕಾಯಿ ಇಟ್ಟು ಕಾಯಿಸಿ ಕೊಟ್ಟರು. ಇಗ್ನಾಸಿಯೊಗೆ ಮನೆಯ ಹೆಸರು ನಾಚೊ. ಅಷ್ಟೇ ಅದರ ಕತೆ: ಉಳಿದ ರೊಟ್ಟಿ, ಬಂದ ಅತಿಥಿ. ಈ ಕೆಫೆಯಲ್ಲೂ ಸಂಜೆಗೆ ಟೋರ್ಟಿಯಾ ಉಳಿಯುತ್ತೆ. ಅದನ್ನೇ ಕತ್ತರಿಸಿ ಕರಿದರೆ ಚಿಪ್ಸ್ ಪ್ಯಾಕೆಟ್ಟಿನ ದುಡ್ಡೂ ಉಳಿಯುತ್ತೆ.

ಸೀಸರ್ ಸಲಾಡ್ ಇದೆ, ನಾನು ತಿನ್ನಲಿಲ್ಲ. ಅದು 1924ರಲ್ಲಿ ತಿಹುವಾನಾದಲ್ಲೇ, ಸೀಸರ್ ಕಾರ್ಡಿನಿ ಎಂಬ ಇಟಲಿಯಿಂದ ಬಂದವರ ಹೋಟೆಲಿನಲ್ಲಿ ಹುಟ್ಟಿದ್ದು ಅಂತ ಅಕ್ಕನ ಮಗನಿಗೆ ಹೇಳಿದೆ. ಅವನು ನಂಬಲಿಲ್ಲ, ಮೊಬೈಲ್‌ನಲ್ಲಿ ನೋಡಿ ಸುಮ್ಮನಾದ.

ಕುಡಿಯಲು ಎರಡನ್ನು ಹೇಳುತ್ತೇನೆ. ಒಂದು ಹೊರ್ಚಾತಾ. ಅಕ್ಕಿಯನ್ನು ಚಕ್ಕೆ ಜೊತೆ ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಕೊಡುತ್ತಾರೆ. ಸೋಸಿದ್ದು ಸಾಲದು, ಗಂಟಲಿಗೆ ತರಿ ಸಿಗುತ್ತೆ. ತೆಳು ಬಟ್ಟೆಯಲ್ಲಿ ಸೋಸಿದರೆ ಸರಿಹೋಗುತ್ತೆ.

ಇನ್ನೊಂದು ಮಡಕೆ ಕಾಫಿ. ಇದಕ್ಕಾಗಿಯೇ ಬರಬಹುದು. ಮೆಕ್ಸಿಕೊದಲ್ಲಿ ಮಣ್ಣಿನ ಮಡಕೆಯಲ್ಲಿ ನೀರು, ಬೆಲ್ಲದಂಥ ಕಬ್ಬಿನ ಅಚ್ಚು, ಚಕ್ಕೆ ಹಾಕಿ ಕುದಿಸಿ, ಆಮೇಲೆ ಕಾಫಿಪುಡಿ ಹಾಕಿ ಮುಚ್ಚಿಟ್ಟು ಸೋಸುತ್ತಾರೆ. ಹಾಲಿಲ್ಲ. ಮಲೆನಾಡಿನ ಬೆಲ್ಲದ ಕಾಫಿ ಕುಡಿದು ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ನಮ್ಮ ಮನೆಯಲ್ಲಿ ಅಲ್ಲಿ ದಿನಾ ಇದನ್ನು ಮಾಡಲು ಆಗುವುದಿಲ್ಲ, ದಾನ ಬಂದ ಇನ್‌ಸ್ಟಂಟ್ ಪುಡಿಯೇ ಗತಿ. ಡಿಸೆಂಬರ್ 16ರಿಂದ 24ರವರೆಗೆ ಪೊಸಾದಾ ನಡೆಯುವಾಗ ಮಾತ್ರ ದೊಡ್ಡ ಮಡಕೆ ಇಡುತ್ತೇವೆ. ಮರಿಯಳೂ ಜೋಸೆಫರೂ ಬೆತ್ಲೆಹೇಮಿನಲ್ಲಿ ತಂಗಲು ಜಾಗ ಕೇಳಿಕೊಂಡು ಅಲೆದದ್ದನ್ನು ನೆನೆದು, ಒಂದು ಗುಂಪು ಬಾಗಿಲ ಹೊರಗೆ ನಿಂತು ಹಾಡಿನಲ್ಲಿ ಜಾಗ ಕೇಳುತ್ತೆ, ಒಳಗಿನವರು ಹಾಡಿನಲ್ಲೇ ಇಲ್ಲ ಅನ್ನುತ್ತಾರೆ, ಕೊನೆಗೆ ಬಾಗಿಲು ತೆರೆಯುತ್ತಾರೆ. ನಮ್ಮ ಮನೆಯಲ್ಲಿ ಹೊರಗೆ ನಿಂತು ಹಾಡುವವರೆಲ್ಲ ನಿಜವಾಗಿಯೂ ಜಾಗ ಕೇಳಿಕೊಂಡು ಬಂದವರು. ಅವರು ಹಾಡುವಾಗ ಒಳಗಿರುವ ನಮಗೆ ಇಲ್ಲ ಅನ್ನುವ ಸಾಲು ಹಾಡುವುದು ಕಷ್ಟವಾಗುತ್ತೆ.

ಈ ಕೆಫೆಯ ಮಡಕೆ ಕಾಫಿಗೆ ಇಲ್ಲಿಯದೇ ಅರೇಬಿಕಾ, ಚಿಕೋರಿ ಬೆರೆಸದ ಪುಡಿ, ಆಲೆಮನೆಯ ಬೆಲ್ಲ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದರು ಅಂತ ಕತೆ ಹೇಳುವ ಬೆಟ್ಟದ ಬುಡದಲ್ಲಿ ಕೂತು ಅದನ್ನು ಕುಡಿದೆ. ಮೆಕ್ಸಿಕೊದಲ್ಲಿ ಕುಡಿದ ಎಲ್ಲದಕ್ಕಿಂತ ಇದು ಚೆನ್ನಾಗಿತ್ತು. ಮೊದಲನೇ ದಿನವೇ ಇನ್ನೊಂದು ಲೋಟ ಕೇಳಿದೆ.

ದರ ಹೇಳುತ್ತೇನೆ. ಮೂರು ಟಾಕೊ 180 ರೂಪಾಯಿ, ಹಂದಿಯದು 220. ಬುರಿಟೊ 260. ಕಾಳಿನ ಕುಡಿಕೆ 90, ಟೋರ್ಟಿಯಾ ಎರಡು 40. ಮಡಕೆ ಕಾಫಿ 60. ಮುಳ್ಳಯ್ಯನಗಿರಿಗೆ ಹೋಗಿ ಬರುವ ಬೆಂಗಳೂರಿನವರಿಗೆ ಇದು ಏನೂ ಅಲ್ಲ. ಇಲ್ಲಿನವರಿಗೆ ಜಾಸ್ತಿ. ನಾನು ಹೋದಾಗ ಇಬ್ಬರು ಕಾಲೇಜು ಹುಡುಗಿಯರು ಒಂದು ತಟ್ಟೆ ಟಾಕೊ ತರಿಸಿ, ಮೂರನೆಯದನ್ನು ಅರ್ಧ ಮಾಡಿ ತಿಂದರು. ಅದಕ್ಕೇ ಮಾಲೀಕ ಹುಡುಗನಿಗೆ ಒಂದು ಮಾತು ಹೇಳಿದ್ದೇನೆ: ಕಾಳು, ನಾಲ್ಕು ಟೋರ್ಟಿಯಾ, ಸಾಲ್ಸಾ, ಇಷ್ಟನ್ನೇ ಒಂದು ತಟ್ಟೆ ಮಾಡಿ, 80 ರೂಪಾಯಿಗೆ ಕೊಡಿ. ಈ ಊಟ ಹುಟ್ಟಿದ್ದೇ ಕೈಯಲ್ಲಿ ದುಡ್ಡಿಲ್ಲದವರ ಮನೆಯಲ್ಲಿ. ಜೋಳ, ಕಾಳು, ಸುಣ್ಣ, ಒಂದೂ ದುಬಾರಿ ಅಲ್ಲ. ಪಕ್ಕದ ಬೀದಿಯ ಆಟೋದವರು, ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರು ಬಂದು ಕೂರುವಂತಾಗಬೇಕು. ಅವನು ನಗಲಿಲ್ಲ, ತಲೆ ಅಲ್ಲಾಡಿಸಿ ಸುಮ್ಮನೆ ಬಿಡಲೂ ಇಲ್ಲ. ಪೆನ್ನು ತೆಗೆದು ಬಿಲ್ಲಿನ ಹಿಂದೆ ಲೆಕ್ಕ ಹಾಕಿದ. ಗ್ಯಾಸಿನ ಖರ್ಚು ಸೇರಿಸಿದರೆ 100ಕ್ಕೆ ಆಗಬಹುದು ಅಂದ. ಮಧ್ಯಾಹ್ನ ಮಾತ್ರ ಕೊಟ್ಟು ನೋಡುತ್ತೇನೆ ಅಂತ ಹೇಳಿದ್ದಾನೆ. ನೀವು ಹೋದಾಗ ಕೇಳಿ. ಕೇಳುವವರು ಜಾಸ್ತಿಯಾದರೆ ಮಾಡುತ್ತಾನೆ.

ಸೇವೆ ನಿಧಾನ. ಟೋರ್ಟಿಯಾ ಒಂದೊಂದಾಗಿ ಒತ್ತಿ ಬೇಯಿಸುವುದರಿಂದ ಅದು ಹಾಗೇ ಇರುತ್ತೆ, ಹಸಿದು ಹೋಗಬೇಡಿ. ಬಡಿಸುವ ಹುಡುಗಿ ವಿನಯದವಳು, ನೀರು ಕೇಳದೆಯೇ ತಂದಿಡುತ್ತಾಳೆ. ಕೈ ತೊಳೆಯುವ ಜಾಗ ಚೊಕ್ಕಟವಾಗಿದೆ. ಗೋಡೆಗೆ ದೊಡ್ಡ ಟೋಪಿ, ಮೀಸೆ, ಕಳ್ಳಿ ಗಿಡದ ಚಿತ್ರ ಬರೆಸಿದ್ದಾರೆ. ನಾನು ಕಂಡ ಮೆಕ್ಸಿಕೊದಲ್ಲಿ ಅಂಥ ಟೋಪಿಯವರು ತುಂಬಾ ಕಡಿಮೆ. ಗುಡ್ಡದ ಮಣ್ಣು ಜಾರದಂತೆ ಹಳೇ ಟೈರು ಜೋಡಿಸಿ, ಗಡಿ ಆಚೆಯಿಂದ ತಂದ ಹಳೇ ಗ್ಯಾರೇಜ್ ಬಾಗಿಲುಗಳನ್ನೇ ಗೋಡೆ ಮಾಡಿ ಮನೆ ಕಟ್ಟಿಕೊಂಡು, ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋಗುವ ಹೆಂಗಸರನ್ನು ಕಂಡಿದ್ದೇನೆ. ಗೋಡೆಗೆ ಅವರ ಚಿತ್ರ ಬರೆಸಿದರೆ ಎಷ್ಟು ಚೆಂದ. ಅದನ್ನೂ ಹೇಳಿದೆ. ಅದಕ್ಕೆ ಮಾತ್ರ ಅವನು ಉತ್ತರ ಕೊಡಲಿಲ್ಲ.

ಕಾರಿಗೆ ಜಾಗ ಇಲ್ಲ, ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ನಡೆದು ಬನ್ನಿ. ಯುಪಿಐ ನಡೆಯುತ್ತೆ. ಮಂಗಳವಾರ ರಜೆ. ಭಾನುವಾರ ಪೂಜೆ ಮುಗಿಸಿಕೊಂಡು ನೇರ ಹೋಗುವವರು 11 ಗಂಟೆಯ ಮೇಲೆ ಹೋಗಿ, ಅದಕ್ಕೆ ಮೊದಲು ಹಿಟ್ಟು ರುಬ್ಬಿ ಮುಗಿದಿರುವುದಿಲ್ಲ. ಹಂದಿ ಟಾಕೊ ಬೇಕಿದ್ದರೆ ಮಧ್ಯಾಹ್ನ 2ರೊಳಗೆ ಹೋಗಬೇಕು, ಆಮೇಲೆ ಖಾಲಿ.